ಅಪ್ಪಾಜಿ ಮಾತು ಕಲಿತ ಬೇಸಿಗೆ

ನಾವು ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ಕಾಲದಲ್ಲಿ ಎಲ್ಲರ ಮನೆಯ ಗೋಡೆಯ ಮೇಲೂ ಗಡಿಯಾರವಿತ್ತು, ಅದನ್ನು ನೋಡುವವರು ಮಾತ್ರ ಕಡಿಮೆ. ಬೆಳಿಗ್ಗೆ ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿದರೆ ಅಮ್ಮಂದಿರು ಡಬ್ಬಿಗೆ ರೊಟ್ಟಿ ತುಂಬುತ್ತಿದ್ದರು, ಇನ್ನೊಮ್ಮೆ ಕೂಗಿದರೆ ಅಪ್ಪಂದಿರ ಸೈಕಲ್ಲುಗಳು ಸಾಲಾಗಿ ರಸ್ತೆಗೆ ಇಳಿಯುತ್ತಿದ್ದವು, ಸಂಜೆ ಕೂಗಿದರೆ ನಾವು ಮಕ್ಕಳು ಲಗೋರಿಯನ್ನು ಅರ್ಧಕ್ಕೆ ಬಿಟ್ಟು ಗೇಟಿಗೆ ಓಡುತ್ತಿದ್ದೆವು. ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಅಳತೆಯ ಮನೆಗಳು, ಒಂದೇ ಬಣ್ಣದ ಬಾಗಿಲುಗಳು, ಹಿತ್ತಿಲಲ್ಲಿ ಕರಿಬೇವು, ಮುಂದೆ ಹೊಂಗೆ ಮರ. ನಮ್ಮ ಮನೆಯಲ್ಲಿ ಎಳ್ಳು ಹುರಿದರೆ ಪಕ್ಕದ ಸೆಲ್ವಂ ಅಂಕಲ್ ಮನೆಗೆ ಗೊತ್ತಾಗುತ್ತಿತ್ತು, ಅವರ ಮನೆಯಲ್ಲಿ ಮೀನು ಹುರಿದರೆ ಅಮ್ಮ ನಮ್ಮ ಅಡುಗೆಮನೆಯ ಕಿಟಕಿ ಹಾಕಿ, ಊದುಬತ್ತಿ ಹಚ್ಚುತ್ತಿದ್ದಳು.

ಆಗ ನನಗೆ ಹತ್ತು ವರ್ಷ. ಐದನೇ ಕ್ಲಾಸು ಮುಗಿದು ಬೇಸಿಗೆ ರಜೆ ಬಂದಿತ್ತು. ಆ ರಜೆಯಲ್ಲೇ ನನ್ನ ಅಪ್ಪಾಜಿ ಮಾತಾಡುವುದನ್ನು ಕಲಿತದ್ದು.

ಅವರೇನು ಮೂಗರಾಗಿರಲಿಲ್ಲ. ಮಾತಿನ ಅಭ್ಯಾಸ ತಪ್ಪಿಹೋಗಿತ್ತು, ಅಷ್ಟೆ. ಹೆಸರು ಶಿವಾನಂದಪ್ಪ, ಕಾರ್ಖಾನೆಯಲ್ಲಿ ಎಲ್ಲರಿಗೂ ಕ್ರೇನ್ ಶಿವಣ್ಣ. ದೊಡ್ಡ ಶೆಡ್ಡಿನ ಸೂರಿನ ಕೆಳಗೆ, ಈ ತುದಿಯಿಂದ ಆ ತುದಿಗೆ ಹಳಿಯ ಮೇಲೆ ಓಡುವ ಕ್ರೇನು ಅವರದು. ಕಬ್ಬಿಣದ ಏಣಿ ಹತ್ತಿ ಅದರ ಕ್ಯಾಬಿನ್ನಿಗೆ ಹೋದರೆ ಪಾಳಿ ಮುಗಿಯುವವರೆಗೂ ಒಬ್ಬರೇ. ಆ ಸದ್ದಿನಲ್ಲಿ ಕೆಳಗಿನವರ ಮಾತು ಮೇಲಕ್ಕೆ ಕೇಳುವುದಿಲ್ಲ, ಹಾಗಾಗಿ ಎಲ್ಲ ಕೈಸನ್ನೆ. ಬೆರಳನ್ನು ಮೇಲಕ್ಕೆ ಮಾಡಿ ತಿರುಗಿಸಿದರೆ ಎತ್ತು ಎಂದು, ಕೆಳಕ್ಕೆ ಮಾಡಿ ತಿರುಗಿಸಿದರೆ ಇಳಿಸು ಎಂದು, ಅಂಗೈಯನ್ನು ಕೆಳಮುಖ ಮಾಡಿ ಅತ್ತಿತ್ತ ಆಡಿಸಿದರೆ ನಿಲ್ಲಿಸು ಎಂದು. ಇವರು ಮೇಲಿನಿಂದ ಗಂಟೆ ಬಾರಿಸಿ ಸರಿ ಅನ್ನಬೇಕು. ವರ್ಷಗಟ್ಟಲೆ ಹೀಗೇ ಕಳೆದು ಆ ಭಾಷೆ ಮನೆಗೂ ಬಂದುಬಿಟ್ಟಿತ್ತು. ಊಟಕ್ಕೆ ಕೂತಾಗ ಸಾರು ಬೇಕಾದರೆ ಬೆರಳನ್ನು ತಟ್ಟೆಯ ಕಡೆಗೆ ತಿರುಗಿಸುತ್ತಿದ್ದರು. ಸಾಕಾದರೆ ಅಂಗೈ ಆಡಿಸುತ್ತಿದ್ದರು. ನನ್ನ ಅಂಕಪಟ್ಟಿ ತೋರಿಸಿದರೆ ತಲೆ ನೇವರಿಸಿ ಸಹಿ ಹಾಕುತ್ತಿದ್ದರು. ‘ನಿಮ್ಮಪ್ಪನ ಹತ್ರ ಒಂದು ಮಾತು ಆಡಿಸ್ಬೇಕಾದ್ರೆ ಅರ್ಜಿ ಹಾಕ್ಬೇಕು’ ಎಂದು ಅಮ್ಮ ಗೊಣಗುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪಾಜಿ ಬೀಳತೊಡಗಿದರು. ಮೊದಲು ಸೈಕಲ್ಲಿನಿಂದ, ಆಮೇಲೆ ಸಮತಟ್ಟಾದ ನೆಲದ ಮೇಲೇ. ನೆಲದಲ್ಲಿ ಕೂತರೆ ಏಳಲು ಎರಡೂ ಕೈಯನ್ನು ತೊಡೆಯ ಮೇಲೆ ಊರಿ, ತಮ್ಮ ಮೈಯನ್ನೇ ತಾವು ಹತ್ತಿದ ಹಾಗೆ ಮೇಲೇಳಬೇಕಾಗಿತ್ತು. ಒಂದು ದಿನ ಕ್ರೇನಿನ ಏಣಿಯ ನಡುವೆ ಕಾಲು ಬಾರದೆ ನಿಂತುಬಿಟ್ಟರು. ಸೆಲ್ವಂ ಅಂಕಲ್ ಅಲ್ಲೇ ವೆಲ್ಡರ್ ಆಗಿದ್ದವರು, ಏಣಿ ಹತ್ತಿ ಹಿಂದಿನಿಂದ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಸಿದರಂತೆ. ಅದಾದ ಮೇಲೆ ಅಪ್ಪಾಜಿಗೆ ಲಾರಿ ತೂಕ ಮಾಡುವ ಕಡೆ, ಕೂತು ಮಾಡುವ ಕೆಲಸ ಕೊಟ್ಟರು. ಶಿವಮೊಗ್ಗದ ನರರೋಗದ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಮಸ್ಕ್ಯುಲರ್ ಡಿಸ್ಟ್ರೊಫಿ ಎಂದರು. ಮಾಂಸಖಂಡಗಳು ನಿಧಾನಕ್ಕೆ ಸವೆಯುವ ಕಾಯಿಲೆ, ಹುಟ್ಟುವಾಗಲೇ ಮೈಯೊಳಗಿರುತ್ತದೆ, ಕೆಲವರಲ್ಲಿ ಹೀಗೆ ತಡವಾಗಿ ಕಾಣಿಸಿಕೊಳ್ಳುತ್ತದೆ, ವಾಸಿ ಮಾಡುವ ಮದ್ದಿಲ್ಲ ಎಂದು ಅಮ್ಮನಿಗೆ ತಿಳಿಯುವ ಹಾಗೆ ಹೇಳಿದರು.

ಅಮ್ಮನಿಗೆ ಅದರಲ್ಲಿ ಒಂದೇ ಮಾತು ತಿಳಿದದ್ದು: ಸವೆಯುವುದು. ಚಪ್ಪಲಿ ಸವೆಯುವ ಹಾಗೆ, ಬಳಸಿದರೆ ಸವೆಯುತ್ತದೆ, ಬಳಸದಿದ್ದರೆ ಉಳಿಯುತ್ತದೆ ಎಂದುಕೊಂಡಳು. ಅಂದಿನಿಂದ ಅಪ್ಪಾಜಿ ಡ್ಯೂಟಿಯಿಂದ ಬಂದರೆ ಕಬ್ಬಿಣದ ಮಂಚ ಬಿಟ್ಟು ಏಳುವಂತಿಲ್ಲ. ನೀರಿನ ಲೋಟ ಕೈಗೆ, ಊಟ ಕೈಗೆ, ಪೇಪರ್ ಕೈಗೆ. ಒಂದು ವರ್ಷ ಹೀಗೆ ಕೂತು ಅಪ್ಪಾಜಿಗೆ ಹೊಟ್ಟೆ ಬಂತು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂತು. ಅವರ ಮಾತೂ ಇನ್ನಷ್ಟು ಕಡಿಮೆಯಾಯಿತು.

ಆ ಏಪ್ರಿಲ್ಲಿನಲ್ಲಿ ಡಾಕ್ಟರು ಅವರ ಹೃದಯದ ಪರೀಕ್ಷೆ ಮಾಡಿಸಿ, ಅದು ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡು, ಶಿವಮೊಗ್ಗದಲ್ಲೇ ರಾಗಿಗುಡ್ಡದ ಹತ್ತಿರ ಒಬ್ಬರು ಫಿಸಿಯೋಥೆರಪಿಸ್ಟ್ ಇದ್ದಾರೆ ಹೋಗಿ ನೋಡಿ ಎಂದು ಚೀಟಿ ಬರೆದುಕೊಟ್ಟರು. ರಜೆಯಾದ್ದರಿಂದ ನಾನೂ ಹೋದೆ. ಎರಡು ಕೋಣೆಯ ಸಣ್ಣ ಕ್ಲಿನಿಕ್ಕು. ನಾಗವೇಣಿ ಮೇಡಂ ಎಂದು, ಇನ್ನೂ ಚಿಕ್ಕ ವಯಸ್ಸಿನವರು, ಓಡಾಡುತ್ತಲೇ ಮಾತಾಡುವವರು. ಅಪ್ಪಾಜಿಯನ್ನು ಕೂರಿಸಿ, ಏಳಿಸಿ, ಕಾಲು ಎತ್ತಿಸಿ, ಎಲ್ಲ ಬರೆದುಕೊಂಡರು. ಆಮೇಲೆ ಮೂಲೆಯಲ್ಲಿದ್ದ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಮೆಲ್ಲನೆ ಹತ್ತಿಸಿದರು.

ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ‘ಮೇಡಂ, ಇವ್ರಿಗೆ ಸುಸ್ತಾಗ್ಬಾರ್ದು.’

‘ಸುಸ್ತಾಗ್ಬಾರ್ದು ನಿಜ ಅಮ್ಮ, ಆದ್ರೆ ಸುಮ್ನೆ ಕೂರ್ಲೂಬಾರ್ದು. ಕೂತು ಕೂತೇ ಅರ್ಧ ಶಕ್ತಿ ಹೋಗಿದೆ. ಅದು ಕಾಯಿಲೆಯಿಂದ ಹೋಗಿದ್ದಲ್ಲ’ ಎಂದರು ಮೇಡಂ. ಅಪ್ಪಾಜಿಗೆ ಲೆಕ್ಕ ಹೇಳಿಕೊಟ್ಟರು. ವಾರಕ್ಕೆ ಮೂರು ದಿನ. ಮೊದಲು ಐದು ನಿಮಿಷ, ನಿಧಾನಕ್ಕೆ ಇಪ್ಪತ್ತರವರೆಗೆ. ಚಕ್ರ ಹಗುರವಾಗಿ ತಿರುಗಬೇಕು. ‘ತುಳೀತಾ ಮಾತಾಡೋಕಾಗ್ಬೇಕು ಸರ್. ಆರಾಮಾಗಿ ಹಾಡು ಹೇಳೋಕಾಗ್ತಿದ್ರೆ ಒಂಚೂರು ಜೋರು ಮಾಡಿ. ಮಾತು ಮಧ್ಯ ಮಧ್ಯ ತುಂಡಾಗ್ತಿದ್ರೆ ನಿಧಾನ ಮಾಡಿ. ಮಾರನೇ ದಿನ ಕಾಲು ತುಂಬಾ ನೋವಿದ್ರೆ ಅವತ್ತು ಬೇಡ. ಮೂತ್ರ ಡಿಕಾಕ್ಷನ್ ಥರ ಕಪ್ಪಗಾದ್ರೆ ಆ ಕ್ಷಣಾನೇ ಆಸ್ಪತ್ರೆಗೆ ಹೋಗ್ಬೇಕು. ಗೊತ್ತಾಯ್ತಾ?’

ಅಪ್ಪಾಜಿ ತಲೆಯಾಡಿಸಿದರು.

‘ಹೇಗಿದೆ ಈಗ, ಹಗುರ ಇದ್ಯಾ?’

ಅಪ್ಪಾಜಿ ಸರಿ ಎನ್ನುವಂತೆ ಕೈ ತೋರಿಸಿದರು.

ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತರು. ‘ಸರ್, ನೀವು ಮಾತೇ ಆಡ್ಲಿಲ್ಲ ಅಂದ್ರೆ ನಾನು ಹೇಗೆ ಅಳೆಯೋದು?’ ಎಂದವರು ನನ್ನ ಕಡೆ ತಿರುಗಿದರು. ‘ನಿನ್ನ ಹೆಸರೇನು?’

‘ರೂಪಾ.’

‘ರೂಪಾ, ನಿಂಗೊಂದು ಕೆಲ್ಸ ಕೊಡ್ತೀನಿ. ಅಪ್ಪಾಜಿ ತುಳಿಯೋವಾಗ ಎದುರಿಗೆ ಕೂತು ಮಾತಾಡಿಸ್ಬೇಕು. ಹೂಂ, ಊಹೂಂ ನಡೆಯಲ್ಲ. ಪೂರ್ತಿ ವಾಕ್ಯ. ಉಸಿರು ತುಂಡಾದ್ರೆ ನಿಲ್ಲಿಸೋ ಅಧಿಕಾರ ನಿಂದೇ.’

ನನ್ನ ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಅಧಿಕಾರ ಅದು. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂರಲೂ ನಾನು ಜಗಳವಾಡಲಿಲ್ಲ.

ಸೈಕಲ್ಲಿನ ವ್ಯವಸ್ಥೆ ಸೆಲ್ವಂ ಅಂಕಲ್ಲಿನದು. ಅವರ ಹೆಂಡತಿಯ ಹಳೆಯ ಲೇಡೀಸ್ ಸೈಕಲ್ ಅಟ್ಟದ ಮೇಲಿತ್ತು. ಅಡ್ಡ ಸರಳಿಲ್ಲದ್ದರಿಂದ ಕಾಲನ್ನು ಮೇಲೆತ್ತಿ ಹಾಕುವ ಕಷ್ಟವಿಲ್ಲ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ನಾಲ್ಕು ಕಡೆಗೂ ಚಾಚಿದ ಅಗಲವಾದ ಸ್ಟ್ಯಾಂಡ್ ಮಾಡಿ ಬೆಸೆದರು. ಯಾವುದೋ ಗುಜರಿಯಿಂದ ಹಳೆ ಮೊಪೆಡ್ಡಿನ ಮೆತ್ತನೆಯ ಸೀಟು ತಂದು ಕೂರಿಸಿದರು. ಹತ್ತಲು ಒಂದು ಮರದ ಪೆಟ್ಟಿಗೆ, ಹಿಡಿದುಕೊಳ್ಳಲು ಪಕ್ಕದಲ್ಲೊಂದು ಕಂಬಿ. ಎಲ್ಲ ಮುಗಿಸಿ ಹೊಂಗೆ ಮರದ ಕೆಳಗೆ ತಂದಿಟ್ಟು, ತಾವೇ ಹತ್ತಿ ಮೈಯೆಲ್ಲ ಅಲುಗಾಡಿಸಿ ನೋಡಿದರು. ‘ನೋಡು ಶಿವಣ್ಣ, ಆನೆ ಬಂದು ತಳ್ಳಿದ್ರೂ ಬೀಳಲ್ಲ ಇದು. ನೀ ಭಯ ಇಲ್ದೆ ತುಳಿ. ಸರೀನಾ ಪಾಪಾ?’ ಎಂದು ನನ್ನನ್ನು ಕೇಳಿದರು. ಅಧಿಕಾರ ನನ್ನದೆಂದು ಅವರಿಗೂ ಗೊತ್ತಾಗಿತ್ತು. ಚೈನಿಗೆ ಬಿಟ್ಟ ಎಣ್ಣೆಯ ವಾಸನೆ, ಹೊಸ ಬಣ್ಣದ ವಾಸನೆ, ಉದುರಿದ ಹೊಂಗೆ ಹೂವಿನ ವಾಸನೆ, ಮೂರೂ ಸೇರಿ ಆ ಬೇಸಿಗೆಯ ವಾಸನೆಯೇ ಬೇರೆಯಾಯಿತು.

ಸಂಜೆ ಐದೂವರೆಗೆ ಕೆಲಸ ಶುರು. ಅಮ್ಮ ಮಜ್ಜಿಗೆಯ ಚೊಂಬು ಇಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಅದರ ಕಿಟಕಿ ಹೊಂಗೆ ಮರದ ಕಡೆಗೇ ಇತ್ತು. ನಾನು ಮಣೆ ಹಾಕಿಕೊಂಡು ಎದುರಿಗೆ ಕೂರುತ್ತಿದ್ದೆ.

‘ಅಪ್ಪಾಜಿ, ಮಧ್ಯಾಹ್ನ ಏನು ಊಟ ಮಾಡಿದ್ರಿ?’

‘ಮುದ್ದೆ.’

‘ಪೂರ್ತಿ ವಾಕ್ಯ.’

‘ಮುದ್ದೆ ಊಟ ಮಾಡಿದೆ.’

‘ಜೊತೆಗೆ?’

‘ಸಾರು.’

ಐದು ನಿಮಿಷ ಮುಗಿಯುವುದರೊಳಗೆ ನನಗೇ ಸುಸ್ತು. ಎರಡನೇ ದಿನ ಹದಿಮೂರರ ಮಗ್ಗಿ ಹೇಳಿಸಿದೆ, ಹದಿನೇಳರದ್ದೂ ಹೇಳಿದರು, ಅಲ್ಲಿಗೆ ಮುಗಿಯಿತು. ಮೂರನೇ ದಿನ ಕನ್ನಡ ಪಾಠಪುಸ್ತಕ ತಂದು ನಾನು ಓದಿದ್ದನ್ನು ಹಿಂದೆಯೇ ಹೇಳಿಸಿದೆ. ಒಂದು ಪುಟ ಮುಗಿಯುವಷ್ಟರಲ್ಲಿ ಕಿಟಕಿಯಿಂದ ಅಮ್ಮ, ‘ಅವ್ರೇನು ಪರೀಕ್ಷೆಗೆ ಕೂರ್ತಾರೇನೇ, ಬೇರೆ ಏನಾದ್ರೂ ಕೇಳು’ ಎಂದಳು.

ಬೇರೆ ಏನು ಕೇಳುವುದೆಂದು ನಾನು ಇಡೀ ಒಂದು ದಿನ ಯೋಚಿಸಿದೆ. ಆಗ ಗೊತ್ತಾಯಿತು, ಅಪ್ಪಾಜಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾಲ್ಕನೇ ಸಲ ಕೂತಾಗ ಕೇಳಿದೆ, ‘ಅಪ್ಪಾಜಿ, ಕ್ರೇನಿನ ಮೇಲಿಂದ ಏನು ಕಾಣ್ಸುತ್ತೆ?’

ಪೆಡಲಿನ ವೇಗ ತಾನಾಗಿ ಇಳಿಯಿತು. ಬಹಳ ಹೊತ್ತು ಚೈನಿನ ಸದ್ದು ಮಾತ್ರ ಕೇಳುತ್ತಿತ್ತು. ಪೂರ್ತಿ ವಾಕ್ಯ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವರೇ ಶುರು ಮಾಡಿದರು.

‘ತಲೆ ಕಾಣ್ಸುತ್ತೆ. ಬರೀ ತಲೆ. ಮುಖ ಯಾರ್ದೂ ಕಾಣಲ್ಲ. ನೆತ್ತಿ ನೋಡೇ ಇವ್ನು ಇಂಥವ್ನು ಅಂತ ಹೇಳ್ತಿದ್ದೆ. ನಿಮ್ಮ ಸೆಲ್ವಂ ಅಂಕಲ್ಲಿಗೆ ಕೂದ್ಲು ಉದುರ್ತಿದೆ ಅಂತ ಮೊದ್ಲು ಗೊತ್ತಾಗಿದ್ದು ನಂಗೆ. ಅವ್ನಿಗೆ ಗೊತ್ತಾಗೋಕೆ ಎರಡು ವರ್ಷ ಮೊದ್ಲು.’

ನಾನು ನಕ್ಕುಬಿಟ್ಟೆ. ಒಳಗೆ ಅಮ್ಮನ ಸೌಟಿನ ಸದ್ದು ನಿಂತಿತು.

ಅಲ್ಲಿಂದ ಕಟ್ಟೆ ಒಡೆದ ಹಾಗಾಯಿತು. ಒಂದು ಬೇಸಿಗೆಯಲ್ಲಿ ಪಾರಿವಾಳವೊಂದು ಕ್ರೇನು ಓಡುವ ತೊಲೆಯ ಮೂಲೆಯಲ್ಲಿ ಮೊಟ್ಟೆಯಿಟ್ಟಿತ್ತಂತೆ. ಮರಿಯಾಗಿ ಹಾರುವವರೆಗೂ ಅಪ್ಪಾಜಿ ಆ ತುದಿಗೆ ಬಂದಾಗಲೆಲ್ಲ ಕ್ರೇನನ್ನು ಬಸುರಿ ಕೂತ ಗಾಡಿಯ ಹಾಗೆ ಮೆಲ್ಲನೆ ಓಡಿಸುತ್ತಿದ್ದರಂತೆ. ಕೆಳಗಿನವರು ಯಂತ್ರಕ್ಕೇನೋ ಆಗಿದೆಯೆಂದು ಎರಡು ಸಲ ಎಣ್ಣೆ ಹಾಕಿಸಿದ್ದರಂತೆ. ಕೆಲಸಕ್ಕೆ ಸೇರಿದ ಮೊದಲ ದಿನ ಮೇಲೆ ಹತ್ತಿ ಕೆಳಗೆ ನೋಡಿದವರೇ ಹೆದರಿ ಅತ್ತುಬಿಟ್ಟಿದ್ದರಂತೆ. ಅದು ಯಾರಿಗೂ ಕಾಣಲಿಲ್ಲ, ಯಾಕೆಂದರೆ ಕೆಳಗಿನವರಿಗೂ ಮೇಲಿನವರ ಮುಖ ಕಾಣುವುದಿಲ್ಲ. ‘ಅದೊಂದು ಅನುಕೂಲ ನೋಡು ಅಲ್ಲಿ’ ಎಂದರು. ಹೀಗೆ ಮಾತಾಡುತ್ತಾ ಐದು ನಿಮಿಷ ಎಂಟಾಯಿತು, ಎಂಟು ಹನ್ನೆರಡಾಯಿತು. ಏದುಸಿರು ಬಂದರೆ ನಾನು ಕೈ ಎತ್ತುತ್ತಿದ್ದೆ, ಅವರು ನಿಧಾನ ಮಾಡುತ್ತಿದ್ದರು. ಬಚ್ಚಲಿಗೆ ಹೋಗಿ ಬರುವಾಗ ಗೋಡೆ ಹಿಡಿದು ನಿಲ್ಲುವುದು ತಪ್ಪಿತು. ಅವರಿಗೆ ಈಗ ಊಟವಾದೊಡನೆ ನಿದ್ದೆ ಬರುತ್ತಿದೆ ಎಂದು ಅಮ್ಮ ಸೆಲ್ವಂ ಅಂಕಲ್ ಹೆಂಡತಿಗೆ ಹೇಳುವುದು ಕೇಳಿಸಿತು.

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಒಂದು ಭಾನುವಾರ ಜನ್ನಾಪುರದಿಂದ ಚಂದ್ರು ಮಾವ ಬಂದರು. ಅಮ್ಮನ ತಮ್ಮ. ಒಳ್ಳೆಯ ಮನಸ್ಸಿನವರು, ದಿನಾ ಜಿಮ್ಮಿಗೆ ಹೋಗುವವರು, ತಮಗೆ ಒಳ್ಳೆಯದಾದದ್ದು ಲೋಕಕ್ಕೆಲ್ಲ ಒಳ್ಳೆಯದಾಗುತ್ತದೆಂದು ನಂಬಿದವರು. ಮಾವಿನಹಣ್ಣಿನ ಚೀಲ ಕೆಳಗಿಟ್ಟು, ಹೊಂಗೆ ಮರದ ಕೆಳಗೆ ನಿಂತು, ಅಪ್ಪಾಜಿ ತುಳಿಯುವುದನ್ನು ನೋಡಿದರು.

‘ಇದೇನು ಭಾವ, ಗಾಳಿಗೆ ತಿರುಗೋ ಥರ ತಿರುಗ್ತಿದೆ ಚಕ್ರ. ಬೆವರು ಸುರೀಬೇಕು. ಕಾಲು ನಡುಗ್ಬೇಕು. ಆಗ್ಲೇ ಮಸಲ್ ಬೆಳೆಯೋದು.’

‘ಮೇಡಂ ಹಗುರ ಇರ್ಬೇಕು ಅಂದಿದಾರೆ ಮಾವ’ ಎಂದೆ.

‘ಅವ್ರು ಎಲ್ಲರಿಗೂ ಹಂಗೇ ಹೇಳೋದು ಪುಟ್ಟಾ.’

ಅಪ್ಪಾಜಿ ತುಳಿಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. ಆಮೇಲೆ ಕೇಳಿದರು, ‘ಚಂದ್ರು, ಜೋರಾಗಿ ಮಾಡಿದ್ರೆ ಏಣಿ ಹತ್ತೋ ಹಂಗಾಗುತ್ತಾ?’

‘ಎರಡು ತಿಂಗ್ಳು ಸಾಕು ಭಾವ. ಬರ್ಕೊಡ್ತೀನಿ ಬೇಕಾದ್ರೆ.’

ಅಪ್ಪಾಜಿ ಅಷ್ಟು ದಿನ ಯಾತಕ್ಕೆ ತುಳಿಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಅವರು ಮತ್ತೆ ಕ್ರೇನು ಹತ್ತಲು ಹೊರಟಿದ್ದರು. ಮಾವ ಹಿಂದಿನ ಬ್ರೇಕನ್ನು ಬಿಗಿ ಮಾಡಿದರು. ಚಕ್ರ ನರಳುತ್ತ ತಿರುಗತೊಡಗಿತು. ಅಪ್ಪಾಜಿಯ ಕತ್ತಿನ ನರ ಉಬ್ಬಿತು, ಬನಿಯನ್ ಒದ್ದೆಯಾಯಿತು. ಅಮ್ಮ ಅಂಗಡಿಗೆ ಹೋಗಿದ್ದಳು. ‘ಅಪ್ಪಾಜಿ, ಮಾತಾಡಿ’ ಎಂದೆ. ಅವರು ತುಳಿಯುತ್ತಲೇ ಇದ್ದರು. ‘ಅಪ್ಪಾಜಿ, ಪೂರ್ತಿ ವಾಕ್ಯ’ ಎಂದೆ. ಅವರು ನನ್ನ ಕಡೆ ನೋಡದೆ, ಅಂಗೈಯನ್ನು ಕೆಳಮುಖ ಮಾಡಿ ಅತ್ತಿತ್ತ ಆಡಿಸಿದರು. ನಿಲ್ಲಿಸು. ಆ ಸನ್ನೆಗೆ ಎದುರಾಡಿ ನನಗೆ ಅಭ್ಯಾಸವೇ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಮಾವ ಒಂದು, ಎರಡು ಎಂದು ಎಣಿಸುತ್ತಿದ್ದರು. ಅರ್ಧ ಗಂಟೆಯ ಮೇಲಾಗಿತ್ತು.

ಮಾರನೇ ಬೆಳಿಗ್ಗೆ ಅಪ್ಪಾಜಿಗೆ ಮಂಚದಿಂದ ಏಳಲಾಗಲಿಲ್ಲ. ತೊಡೆ ಮುಟ್ಟಿದರೆ ಮುಖ ಹಿಂಡುತ್ತಿದ್ದರು. ಅಮ್ಮ ಹೆಗಲು ಕೊಟ್ಟು ಬಚ್ಚಲಿಗೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅಪ್ಪಾಜಿಯ ಸ್ವರ ಕೇಳಿಸಿತು, ‘ಗಿರಿಜಾ, ಇಲ್ನೋಡು, ಡಿಕಾಕ್ಷನ್ ಬಣ್ಣ ಬಂದಿದೆ.’ ಸೆಲ್ವಂ ಅಂಕಲ್ ಆಟೋ ತಂದರು. ಮೂವರೂ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ನಾನು ಸೆಲ್ವಂ ಅಂಕಲ್ ಮನೆಯಲ್ಲಿ ಉಳಿದೆ. ಅವರ ಹೆಂಡತಿ ತಟ್ಟೆಯಲ್ಲಿ ಬಿಸಿ ಬಿಸಿ ಇಡ್ಲಿ ಹಾಕಿಕೊಟ್ಟರು, ನಾನು ತಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರ ಹೋಗಿ ಕೂತೆ. ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿತ್ತು, ನಾನು ನಿಲ್ಲಿಸಲಿಲ್ಲ ಎಂದು ಯಾರಿಗೆ ಹೇಳುವುದೆಂದು ಗೊತ್ತಾಗಲಿಲ್ಲ.

ಮೂರು ದಿನ ಬಾಟಲಿಯ ನೀರು ಏರಿಸಿ, ರಕ್ತ ಪರೀಕ್ಷೆ ಮಾಡಿ, ಕಿಡ್ನಿಗೆ ಪೆಟ್ಟು ಬಿದ್ದಿಲ್ಲ ಎಂದು ಹೇಳಿ ಕಳಿಸಿದರು. ಮನೆಗೆ ಬಂದ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಸೈಕಲ್ಲಿನ ಮೇಲೆ ಒದ್ದೆ ಬೆಡ್‌ಶೀಟು ಹರವಿದ್ದು. ಆಮೇಲೆ ಎರಡು ವಾರ ಅದು ಬಟ್ಟೆ ಒಣಗಿಸುವ ಕಂಬಿಯಾಯಿತು. ಚಂದ್ರು ಮಾವ ಬಂದು ಬಾಗಿಲಲ್ಲೇ ನಿಂತು ಅಳುವ ಮುಖ ಮಾಡಿದರು. ಅಮ್ಮ ಬೈಯಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ನನ್ನ ತಮ್ಮನಾಗಿ ಹುಟ್ಟಿದ್ದೀಯ, ಏನು ಮಾಡೋಕಾಗುತ್ತೆ ಎಂದಷ್ಟೇ ಹೇಳಿದಳು.

ನೋವು ಪೂರ್ತಿ ಹೋದ ಮೇಲೆ ಅಪ್ಪಾಜಿಯೇ, ‘ರಾಗಿಗುಡ್ಡಕ್ಕೆ ಹೋಗೋಣ’ ಎಂದರು. ನಾಗವೇಣಿ ಮೇಡಂ ನಡೆದದ್ದನ್ನೆಲ್ಲ ಕೇಳಿ ಅಪ್ಪಾಜಿಯ ತೊಡೆಗಳನ್ನು ಒತ್ತಿ ನೋಡಿದರು. ಅಪ್ಪಾಜಿ ಕುರ್ಚಿಯ ತುದಿಗೆ ಬಂದು ಕೂತರು.

‘ಮೇಡಂ, ಒಂದು ಮಾತು ನೇರವಾಗಿ ಹೇಳಿ. ನಾನು ಮತ್ತೆ ಕ್ರೇನ್ ಹತ್ತೋಕಾಗುತ್ತಾ?’

‘ಇಲ್ಲ ಸರ್’ ಎಂದರು ಮೇಡಂ. ‘ಆಗಲ್ಲ. ಹೋದ ಮಾಂಸಖಂಡ ಸೈಕಲ್ ತುಳಿದ್ರೆ ವಾಪಸ್ ಬರಲ್ಲ. ಬರುತ್ತೆ ಅಂತ ಹೇಳಿದ್ರೆ ನಾನು ಸುಳ್ಳು ಹೇಳ್ದಂಗೆ. ಇದು ಇರೋದನ್ನ ಇಟ್ಕೊಳ್ಳೋಕೆ. ಉಸಿರಿಗೆ, ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ. ಜೋರಾಗಿ ತುಳಿದ್ರೆ ಇರೋದೇ ಒಡೆದುಹೋಗುತ್ತೆ. ತುಳೀಲೇ ಇಲ್ಲ ಅಂದ್ರೆ ಅದು ಕೂತಲ್ಲೇ ಕರಗುತ್ತೆ. ಮಗಳ ಹತ್ರ ಮಾತಾಡ್ತಾ ತುಳೀತೀರಲ್ಲ, ಅಷ್ಟೇ ಅಳತೆ. ಅದಕ್ಕಿಂತ ಹೆಚ್ಚು ನಿಮ್ಗೆ ಬೇಕಾಗಿಲ್ಲ.’

ಗೋಡೆಯ ಫ್ಯಾನು ತಿರುಗುತ್ತಿತ್ತು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅಪ್ಪಾಜಿ ಅಳುತ್ತಾರೆಂದು ನಾನು ಹೆದರಿದ್ದೆ. ಅವರು ನಿಟ್ಟುಸಿರು ಬಿಟ್ಟು ಹೇಳಿದರು, ‘ಒಳ್ಳೇದಾಯ್ತು ಮೇಡಂ. ಇಲ್ಲೀವರೆಗೆ ಎಲ್ರೂ ನೋಡೋಣ, ನೋಡೋಣ ಅಂತಿದ್ರು. ಆಗಲ್ಲ ಅಂತ ನೀವೊಬ್ರೇ ಹೇಳಿದ್ದು.’

ಬಸ್ಸಿನಲ್ಲಿ ಅಮ್ಮನಿಗೆ ಮುಂದೆ ಸೀಟು ಸಿಕ್ಕಿತು, ನಾನೂ ಅಪ್ಪಾಜಿಯೂ ಹಿಂದೆ ಕೂತೆವು. ಕಿಟಕಿಯ ಆಚೆ ಗದ್ದೆಗಳಷ್ಟೇ ಇದ್ದವು, ನಾನು ಅವನ್ನೇ ನೋಡುತ್ತಾ ಅಳು ತಡೆದುಕೊಂಡಿದ್ದೆ. ಕೊನೆಗೆ ಹೇಳಿಬಿಟ್ಟೆ, ‘ಅಪ್ಪಾಜಿ, ನಾನು ಅವತ್ತು ನಿಲ್ಲಿಸ್ಲಿಲ್ಲ.’

‘ನಿಲ್ಲಿಸೋಕೆ ನಾನೆಲ್ಲಿ ಬಿಟ್ಟೆ’ ಎಂದರು. ‘ತಪ್ಪು ನಂದು ಮಾರಾಯ್ತಿ. ನಿಂದಲ್ಲ, ನಿಮ್ಮಾವಂದೂ ಅಲ್ಲ. ಇನ್ಮೇಲೆ ನಾನು ಕೈ ತೋರ್ಸಿದ್ರೆ ನೀನು ನೋಡ್ಲೇಬೇಡ. ಮಾತಾಡ್ತಾನೇ ಇರು.’ ಕಿಟಕಿಯ ಕಡೆ ತಿರುಗಿ, ‘ಏಣಿ ಹತ್ತೋದು ಇಲ್ಲ ಅಂದ್ಮೇಲೆ ಒಂಥರಾ ಹಗುರ ಆಯ್ತು. ದಿನಾ ಬೆಳಿಗ್ಗೆ ಎದ್ದು ಮನಸ್ಸಲ್ಲೇ ಅದನ್ನ ಹತ್ತಿ ನೋಡ್ತಿದ್ದೆ’ ಎಂದರು. ಅಷ್ಟು ಉದ್ದದ ಮಾತನ್ನು ಅವರು ಸೈಕಲ್ಲಿನ ಮೇಲಲ್ಲದೆ ಆಡಿದ್ದು ಅದೇ ಮೊದಲು.

ಅಮ್ಮನನ್ನು ಒಪ್ಪಿಸುವುದು ಕಷ್ಟವಾಯಿತು. ಕೊನೆಗೆ ಅವಳು ತನ್ನದೇ ಷರತ್ತು ಹಾಕಿದಳು. ‘ತುಳೀರಿ. ಆದ್ರೆ ನಂಗೆ ಅಡುಗೆಮನೆಗೆ ನಿಮ್ಮ ಮಾತು ಕೇಳಿಸ್ತಾ ಇರ್ಬೇಕು. ಒಂದು ನಿಮಿಷ ಕೇಳಿಸ್ಲಿಲ್ಲ ಅಂದ್ರೂ ಸೌಟು ತಗೊಂಡು ಹೊರಗೆ ಬರ್ತೀನಿ.’ ಸೆಲ್ವಂ ಅಂಕಲ್ ಬಂದು ಬ್ರೇಕನ್ನೇ ಬಿಚ್ಚಿ ತೆಗೆದುಕೊಂಡು ಹೋದರು. ಮತ್ತೆ ಐದು ನಿಮಿಷದಿಂದ ಶುರು.

ಆ ಎರಡನೇ ಸುತ್ತಿನ ಕಥೆಗಳೇ ಸೊಗಸು. ನಾನು ಸುಮ್ಮನೆ ಕುತೂಹಲಕ್ಕೆ, ‘ಅಮ್ಮನ್ನ ನೋಡೋಕೆ ಹೋದಾಗ ಏನು ಮಾತಾಡಿದ್ರಿ?’ ಎಂದು ಕೇಳಿದೆ.

‘ಏನೂ ಆಡ್ಲಿಲ್ಲ. ಅದೇ ಆಗಿದ್ದು ಎಡವಟ್ಟು. ಉಪ್ಪಿಟ್ಟು ಬಡಿಸಿದ್ರು. ತಿಂದೆ. ಇನ್ನೊಂಚೂರು ಅಂತ ತಂದ್ರು. ಸಾಕು ಅಂತ ಹಿಂಗೆ ಕೈ ಆಡಿಸ್ದೆ.’ ಹ್ಯಾಂಡಲಿನಿಂದ ಒಂದು ಕೈ ತೆಗೆದು ಅಂಗೈ ಆಡಿಸಿ ತೋರಿಸಿದರು. ‘ನಿಮ್ಮಜ್ಜಿ ಅದನ್ನ, ತಟ್ಟೆ ತುಂಬಾ ಹರವಿ ಹಾಕಿ ಅಂತ ತಿಳ್ಕೊಂಡ್ರು. ಮತ್ತೆ ತಿಂದೆ. ಮತ್ತೆ ಆಡಿಸ್ದೆ. ಮತ್ತೆ ಹಾಕಿದ್ರು.’

‘ನಾಲ್ಕು ಸಲ’ ಎಂದು ಕಿಟಕಿಯಿಂದ ಅಮ್ಮನ ಸ್ವರ ಬಂತು. ‘ಹುಡ್ಗ ಮಾತಾಡಲ್ಲ, ಆದ್ರೆ ಚೆನ್ನಾಗಿ ಉಣ್ತಾನೆ, ಸಾಕು ಅಂತ ನಮ್ಮಮ್ಮ ಒಪ್ಕೊಂಡ್ರು. ಇವ್ರಿಗೆ ಬೇಡವಾಗಿತ್ತು ಅಂತ ಇವತ್ತು ಗೊತ್ತಾಗ್ತಿದೆ ನಂಗೆ.’

‘ಉಪ್ಪಿಟ್ಟು ಬೇಡವಾಗಿತ್ತು’ ಎಂದರು ಅಪ್ಪಾಜಿ, ‘ನೀನು ಬೇಕಾಗಿತ್ತು.’

ಒಳಗೆ ಪಾತ್ರೆಯೊಂದು ಕೆಳಗೆ ಬಿತ್ತು. ಅಮ್ಮ ಆ ಸಂಜೆ ಹೊರಗೆ ಬರಲೇ ಇಲ್ಲ. ಅನ್ನಕ್ಕೆ ಮಾತ್ರ ತುಪ್ಪ ಜಾಸ್ತಿ ಬಿತ್ತು. ಅಪ್ಪಾಜಿ ನಕ್ಕು ನಕ್ಕ ಮೇಲೆ ಉಸಿರು ಸರಿಹೋಗಲು ಅರ್ಧ ನಿಮಿಷ ನಿಲ್ಲಿಸಬೇಕಾಯಿತು. ನಗುವುದನ್ನು ಲೆಕ್ಕದಲ್ಲಿ ಸೇರಿಸುವುದೋ ಬೇಡವೋ ಎಂದು ಮೇಡಂ ಹೇಳಿರಲಿಲ್ಲ. ನಾನು ಸೇರಿಸಿದೆ.

ಜೂನ್ ಬಂತು. ಶಾಲೆ ಶುರುವಾಗುವ ದಿನ ಯೂನಿಫಾರ್ಮ್ ಹಾಕಿಕೊಂಡು, ಮಾಮೂಲಿನಂತೆ ಸೆಲ್ವಂ ಅಂಕಲ್ಲಿನ ಸ್ಕೂಟರಿಗೆ ಕಾಯುತ್ತಿದ್ದೆ. ಅಪ್ಪಾಜಿ ಒಳಗಿನಿಂದ ಕೋಲು ಹಿಡಿದು ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ‘ನಡಿ, ನಾನೇ ಬರ್ತೀನಿ’ ಎಂದರು.

ಶಾಲೆ ಮೂರು ಬೀದಿ ಆಚೆಗಿತ್ತು. ಎರಡು ವರ್ಷದಿಂದ ಅವರು ಅಷ್ಟು ದೂರ ನಡೆದಿರಲಿಲ್ಲ, ಡ್ಯೂಟಿಗೂ ಸೆಲ್ವಂ ಅಂಕಲ್ಲಿನ ಸ್ಕೂಟರಿನಲ್ಲೇ ಹೋಗಿಬರುತ್ತಿದ್ದರು. ಅಮ್ಮ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟಳು. ನಾವು ಹೊರಟೆವು. ಹೆಜ್ಜೆ ಸಣ್ಣದು, ನಿಧಾನ. ಮೊದಲ ಬೀದಿಯಲ್ಲಿ ಅಪ್ಪಾಜಿ ತಮ್ಮ ಆರನೇ ಕ್ಲಾಸಿನ ಮೇಷ್ಟರ ಕಥೆ ಶುರು ಮಾಡಿದರು. ಎರಡನೇ ಬೀದಿಯ ಮೋರಿಯ ಕಟ್ಟೆಯ ಮೇಲೆ ಒಂದು ಸಲ ಕೂತೆವು, ಕಥೆ ನಿಲ್ಲಲಿಲ್ಲ. ನಾನು ಕಿವಿಗೊಟ್ಟಿದ್ದು ಕಥೆಗಿಂತ ಹೆಚ್ಚಾಗಿ ಅವರ ಉಸಿರಿಗೆ. ಮಾತು ಎಲ್ಲಿಯೂ ತುಂಡಾಗಲಿಲ್ಲ. ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಅಪ್ಪಾಜಿ ನಡೆಯುವುದನ್ನು ನೋಡಿ ಬೆರಗಾಗಿದ್ದಾರೆಂದು ನಾನು ಜಂಬದಿಂದ ತಲೆಯೆತ್ತಿದೆ. ಆಗ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಕೇಳಿಸಿತು, ‘ಅಯ್ಯ, ನೋಡ್ರೀ, ಕ್ರೇನ್ ಶಿವಣ್ಣ ಮಾತಾಡ್ತಿದಾರೆ.’

ಅಪ್ಪಾಜಿಗೂ ಕೇಳಿಸಿತು. ಶಾಲೆಯ ಗೇಟಿನವರೆಗೂ ಇಬ್ಬರೂ ನಗುತ್ತಲೇ ಹೋದೆವು. ಗೇಟಿನಲ್ಲಿ ಹೆಡ್‌ಮಿಸ್ಸು ಸಿಕ್ಕರು. ಅವರು ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಅಪ್ಪಾಜಿ ಅವರಿಗೆ ಹೇಗಿದ್ದೇನೆ ಎಂಬುದನ್ನು ಬೆಲ್ ಹೊಡೆಯುವವರೆಗೂ ಹೇಳಿದರು.

ಇದೆಲ್ಲ ಆಗಿ ಹದಿನೇಳು ವರ್ಷವಾಯಿತು. ಮೇಡಂ ಹೇಳಿದ್ದು ಎರಡೂ ನಿಜವಾಯಿತು. ಹೋದದ್ದು ವಾಪಸ್ಸು ಬರಲಿಲ್ಲ, ಇದ್ದದ್ದು ನಾವು ಹೆದರಿದ್ದಕ್ಕಿಂತ ಬಹಳ ನಿಧಾನಕ್ಕೆ ಹೋಯಿತು. ನಾನು ಡಿಗ್ರಿ ಮುಗಿಸುವವರೆಗೂ ಅಪ್ಪಾಜಿ ಕೋಲೂರಿ ನಡೆದರು. ಈಗ ಶಿವಮೊಗ್ಗದಲ್ಲಿ ಮೆಟ್ಟಿಲಿಲ್ಲದ ಮನೆಯಲ್ಲಿದ್ದೇವೆ, ಅವರು ಗಾಲಿಕುರ್ಚಿಯಲ್ಲಿರುತ್ತಾರೆ, ಮೇಜಿನ ಮೇಲೆ ಸಣ್ಣ ಪೆಡಲು ಇಟ್ಟುಕೊಂಡು ಕೈಯಲ್ಲಿ ತಿರುಗಿಸುತ್ತಾರೆ. ಸೆಲ್ವಂ ಅಂಕಲ್ ನಿವೃತ್ತಿಯಾಗಿ ಸೇಲಂ ಕಡೆಗೆ ಹೋದರು. ನ್ಯೂ ಟೌನಿನ ನಮ್ಮ ಹಳೆಯ ಬೀದಿಯ ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದಿದೆ, ಲಗೋರಿ ಆಡುತ್ತಿದ್ದ ಜಾಗದಲ್ಲಿ ಲಂಟಾನ ಬೆಳೆದಿದೆ. ಅಪ್ಪಾಜಿ ಮಾತ್ರ ಮಾತು ಬಿಟ್ಟಿಲ್ಲ. ಹಾಲಿನವನು, ಕೇಬಲ್ಲಿನವನು, ದಾರಿ ತಪ್ಪಿ ಬಂದ ಕೊರಿಯರ್ ಹುಡುಗ, ಯಾರೂ ಅವರಿಂದ ತಪ್ಪಿಸಿಕೊಳ್ಳುವಂತಿಲ್ಲ. ‘ಮಾತು ಕಲಿಸಿದ್ದು ನೀನು, ಅನುಭವಿಸ್ತಿರೋದು ನಾನು’ ಎಂದು ಅಮ್ಮ ಹೇಳುತ್ತಾಳೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಭಾನುವಾರ ಅಪ್ಪಾಜಿ ಪೆಡಲು ತಿರುಗಿಸುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಮೊಬೈಲು ನೋಡುತ್ತಿದ್ದೆ. ‘ಮೊದ್ಲೆಲ್ಲ ಎಷ್ಟು ಕೇಳ್ತಿದ್ದೆ ನೀನು’ ಎಂದರು.

‘ಎಲ್ಲ ಕೇಳಿ ಮುಗೀತಲ್ಲ ಅಪ್ಪಾಜಿ’ ಎಂದೆ, ನಗುತ್ತಲೇ.

‘ಎಲ್ಲಿ ಮುಗೀತು? ನಾನು ಕೆಲ್ಸಕ್ಕೆ ಸೇರಿದ ದಿನದಿಂದ ಸಾಲಾಗಿ ಹೇಳ್ತಾ ಎರಡನೇ ವರ್ಷದವರೆಗೆ ಬಂದಿದ್ದೆ. ಆಗ ನಿಂಗೆ ಸಂಜೆ ಟ್ಯೂಷನ್ ಶುರುವಾಯ್ತು.’

ಟ್ಯೂಷನ್ನಿಗೆ ಹೋದದ್ದು ನನಗೆ ನೆನಪಿತ್ತು. ಕಥೆ ಎಲ್ಲಿಗೆ ನಿಂತಿತ್ತೆಂಬುದು ಅವರಿಗೆ ನೆನಪಿತ್ತು.